ಮೊದಲನೇ ಭಾಗ ಯಾರ ಹತ್ರ ಐತೆ?

“ಪುಸ್ತಕ ಕೊಡ್ತೀನಿ, ಆದ್ರೆ ರಾತ್ರಿ ಒಬ್ನೇ ಕೂತು ಓದ್ಬೇಡ ಕಣಪ್ಪ.” ದೆವ್ವದ ಕಾದಂಬರಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ನಮ್ಮ ಕಡೆ ಈ ಮಾತೂ ಅದರ ಜೊತೆಗೇ ದಾಟುತ್ತದೆ. ಕೇಳಿಸಿಕೊಂಡವನು ಅದನ್ನು ಬುದ್ಧಿಮಾತು ಅಂದುಕೊಳ್ಳುವುದಿಲ್ಲ. ಮನೆಯವರೆಲ್ಲ ಮಲಗುವುದನ್ನೇ ಕಾದಿದ್ದು ಒಬ್ಬನೇ ಕೂತು ಓದುತ್ತಾನೆ. ಕೊಟ್ಟವನಿಗೂ ಬೇಕಾದದ್ದು ಅದೇ. ಬೆಳಿಗ್ಗೆ ಹೋಟೆಲ್ ಮುಂದೆ ಸಿಕ್ಕಾಗ ಅವನು “ಹೆಂಗೈತೆ?” ಎಂದು ಕೇಳುವುದಿಲ್ಲ, “ಎಲ್ಲಿಗೆ ಬಂದೆ?” ಎಂದು ಕೇಳುತ್ತಾನೆ.

ಪುಸ್ತಕಕ್ಕೆ ಹೆಸರು ತಂದುಕೊಡುವುದು ವಿಮರ್ಶೆ, ಪ್ರಶಸ್ತಿ, ಮುನ್ನುಡಿ, ಪಠ್ಯಪುಸ್ತಕ ಎಂದು ಸಾಹಿತ್ಯದ ಮಂದಿ ಲೆಕ್ಕ ಹಾಕುತ್ತಾರೆ. ಹೆದರಿಸುವ ಕಾದಂಬರಿಗೂ ಮಾಯಾಲೋಕದ ಕಾದಂಬರಿಗೂ ಕನ್ನಡದಲ್ಲಿ ಈ ನಾಲ್ಕೂ ಸಿಕ್ಕಿದ್ದು ಅಪರೂಪ. ಆದರೂ ಅವು ತಲೆಮಾರು ದಾಟಿ ಓದಿಸಿಕೊಂಡಿವೆ. ಓದಿದವನು ಗೆಳೆಯನಿಗೆ ಹೇಳಿದ, ಗೆಳೆಯ ತಂಗಿಗೆ ಕೊಟ್ಟ, ತಂಗಿ ಕಾಲೇಜಿಗೆ ಒಯ್ದಳು. ಅವುಗಳ ಪ್ರಚಾರ ಇಷ್ಟೇ.

ಧರ್ಮಪುರದಂಥ ಊರಿನಲ್ಲಿ ಈ ಸರಪಳಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಿರಿಯೂರು ತಾಲ್ಲೂಕಿನ ಈ ಹೋಬಳಿ ಕೇಂದ್ರ ರಾಜ್ಯದ ಅಂಚಿನಲ್ಲಿದೆ. ಆಚೆಗೆ ಆಂಧ್ರದ ಅಮರಾಪುರ, ಮಡಕಶಿರಾ. ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈಗ ಆ ಕಡೆಯ ಊರು. ಶಾಸನಗಳಲ್ಲಿ ಕನ್ನಡವೇ ಇರುವ, ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುವ ಸೀಮೆ ಅದು. ನೆಂಟಸ್ತನಕ್ಕೆ, ಸಂತೆಗೆ, ಸಿನಿಮಾಕ್ಕೆ ಗಡಿ ಅಡ್ಡ ಬರುವುದಿಲ್ಲ. ಒಂದು ಮನೆಯಲ್ಲಿ ಕನ್ನಡ ವಾರಪತ್ರಿಕೆ, ಅದೇ ಮನೆಯ ಸೊಸೆಯ ತವರಿನಲ್ಲಿ ತೆಲುಗು ವಾರಪತ್ರಿಕೆ. ಕೆರೆಗೆ ನೀರು ಬರಲಿ ಎಂದು ವರ್ಷಾನುಗಟ್ಟಲೆ ಹೋರಾಡಿದ ಒಣನೆಲ ಇದು. ಕತೆಗೆ ಮಾತ್ರ ಇಲ್ಲಿ ಬರಗಾಲ ಬಂದದ್ದಿಲ್ಲ. ಎರಡೂ ಕಡೆಯಿಂದ ಹರಿದು ಬಂದಿದೆ.

ತೆಲುಗಿನಿಂದ ಹರಿದದ್ದು ಎಷ್ಟು ಎನ್ನುವುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ‘ಚಂದಮಾಮ’ ಮದ್ರಾಸಿನಿಂದ 1947ರಲ್ಲಿ ತೆಲುಗು, ತಮಿಳಿನಲ್ಲಿ ಹೊರಟಿತು, 1949ರಲ್ಲಿ ಕನ್ನಡಕ್ಕೂ ಬಂತು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮ ರಾಜನ ಆ ಚಿತ್ರ ಬರೆದವರು ಶಂಕರ್. ರಾಕ್ಷಸರು, ಮಾಂತ್ರಿಕರು, ಪಾತಾಳದ ಕೋಟೆಗಳು ತುಂಬಿದ ಬಣ್ಣದ ಧಾರಾವಾಹಿಗಳಿಗೆ ಚಿತ್ರ ಬರೆದವರು ‘ಚಿತ್ರಾ’. ಆ ಧಾರಾವಾಹಿಗಳಲ್ಲಿ ಬಹುಪಾಲನ್ನು ಬರೆದವರು ತೆಲುಗಿನ ದಾಸರಿ ಸುಬ್ರಹ್ಮಣ್ಯಂ. ಅವರ ಹೆಸರನ್ನು ಆಗ ಓದಿದ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ತಿಂಗಳಿಗೊಂದು ಕಂತು. ನಾಯಕ ಬಂಡೆಯಂಚಿನಲ್ಲಿ ಜೋತುಬಿದ್ದಿರುವಾಗ ಕಂತು ಮುಗಿಯುತ್ತಿತ್ತು. ಒಂದು ಸಂಚಿಕೆ ತಪ್ಪಿತೆಂದರೆ, ಓದಿದ ಹುಡುಗನನ್ನು ಹುಡುಕಿಕೊಂಡು ಹೋಗಿ, ಅವನ ಬಾಯಲ್ಲಿ ಕತೆ ಕೇಳಬೇಕು. ಅವನು ಸುಮ್ಮನೆ ಹೇಳುತ್ತಾನೆಯೇ? ಒಂದು ಗೋಲಿ, ಒಂದು ಬಳಪ, ಏನಾದರೂ ಬಿಚ್ಚಬೇಕು. ಕತೆಯ ಸರಣಿಯೊಂದನ್ನು ಇನ್ನೊಬ್ಬರಿಗೆ ಹಚ್ಚುವ ಕಲೆಯ ಮೊದಲ ಪಾಠ ಅಲ್ಲೇ ಆಗುತ್ತಿತ್ತು. ಮುಂದೆ ಎಂಬತ್ತು, ತೊಂಬತ್ತರ ದಶಕದ ಮಕ್ಕಳಿಗೆ ‘ಬಾಲಮಂಗಳ’ದ ಡಿಂಗ ಬಂದ. ಅವನು ಮಲಯಾಳದಿಂದ ಬಂದವನು. ಒಟ್ಟಿನಲ್ಲಿ ಅಕ್ಕಪಕ್ಕದವರು ಕೊಟ್ಟದ್ದನ್ನು ಕನ್ನಡದ ಮಕ್ಕಳು ಮರುಮಾತಿಲ್ಲದೆ ತಮ್ಮದಾಗಿಸಿಕೊಂಡರು.

‘ಚಂದಮಾಮ’ದ ಕಾಲಕ್ಕೆ ದೊಡ್ಡವರ ಕಪಾಟಿನಲ್ಲಿ ಪತ್ತೇದಾರರ ರಾಜ್ಯ. ನಾಲ್ಕನೇ ತರಗತಿಯವರೆಗಷ್ಟೇ ಓದಿದ ಎನ್. ನರಸಿಂಹಯ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಆಮೇಲೆ ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂದು ಒಬ್ಬೊಬ್ಬ ಪತ್ತೇದಾರನದು ಒಂದೊಂದು ಸಾಲು. ಓದುಗರೂ ಹಾಗೇ ಬಣವಾಗಿದ್ದರು. ಅರಿಂಜಯನ ಕಡೆಯವರು ಪುರುಷೋತ್ತಮನನ್ನು ಒಪ್ಪುತ್ತಿರಲಿಲ್ಲ. ಇವು ದೆವ್ವದ ಕತೆಗಳಲ್ಲ, ನಿಜ. ಆದರೆ ಪಾಳುಬಂಗಲೆ, ನಡುರಾತ್ರಿಯ ಕಿರುಚು, ಸ್ಮಶಾನದ ಬೈರಾಗಿ ಎಲ್ಲವೂ ಅಲ್ಲಿದ್ದವು. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಬಂದು ದೆವ್ವದ ಮುಸುಕು ಕಿತ್ತು ಅದರೊಳಗಿದ್ದ ಮನುಷ್ಯನನ್ನು ಹಿಡಿದುಕೊಡುವವರೆಗೆ ಓದುಗ ಹೆದರಿದ್ದು ದೆವ್ವಕ್ಕೇ. ಕನ್ನಡಕ್ಕೆ ಕೆಂಪು ಹಳದಿ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ರಾಶಿ ರಾಶಿ ಬರೆದರು ಎನ್ನುವುದು ನವೆಂಬರ್ ತಿಂಗಳ ಭಾಷಣಗಳಲ್ಲಿ ಯಾಕೋ ಬರುವುದಿಲ್ಲ. ಓದುವ ಚಟ ಹತ್ತಿಸುವುದೂ ಭಾಷೆಯ ಕೆಲಸವೇ ಎಂದು ಅವರಿಗೆ ಗೊತ್ತಿತ್ತು ಅಂತ ನನ್ನ ಎಣಿಕೆ.

ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಗಳಲ್ಲಿ ಸುತ್ತಿ ಸುತ್ತಿ ಬಂದ ಆ ಕಾಲದ ಪುಸ್ತಕವೊಂದನ್ನು ಕೈಗೆತ್ತಿಕೊಂಡು ನೋಡಬೇಕು. ರಟ್ಟಿನ ಮೇಲೆ ಕಂದು ಕಾಗದದ ಹೊದಿಕೆ. ಬೆನ್ನಿಗೆ ನೂಲು ಹಾಕಿ ಹೊಲಿದ ಗುರುತು. ಒಳರಟ್ಟಿನಲ್ಲಿ ಅಂಗಡಿಯ ಮೊಹರು, ಅದರ ಕೆಳಗೆ ತಾರೀಖುಗಳ ಸಾಲು. ಪುಟದ ಮೂಲೆಗಳು ಎಂಜಲು ಬೆರಳಿಗೆ ಸಿಕ್ಕು ಮೆತ್ತಗಾಗಿವೆ, ಅರಿಸಿನದ ಕಲೆಯೊಂದು ಎರಡು ಪುಟಕ್ಕೂ ಹತ್ತಿದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಮಾತುಗಳು ಮೂಲ ಕತೆಗಿಂತ ರುಚಿ. “ಇಲ್ಲಿಂದ ಹುಷಾರು”, “ಇವನೇ”, ಅದರ ಕೆಳಗೆ ಬೇರೆ ಅಕ್ಷರದಲ್ಲಿ “ಅಲ್ಲ, ಸುಳ್ಳು”. ಕೊನೆಗೆ ಒಬ್ಬ ಕಿಡಿಗೇಡಿ ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದು ಕೆಳಗೆ ಗೀಟು ಎಳೆದಿರುತ್ತಾನೆ. ಕೊನೆಯ ಹಾಳೆ ಇಲ್ಲದಿದ್ದರೆ ಅಚ್ಚರಿಯಿಲ್ಲ. ಕೊನೆಯ ಹಾಳೆ ಇಲ್ಲದ ಕಾದಂಬರಿ ಓದಿದವರೆಲ್ಲ ಪೂರ್ತಿ ಓದಿದವನೊಬ್ಬನನ್ನು ಹುಡುಕಿಕೊಂಡು ಹೋಗಲೇಬೇಕಿತ್ತು. ಹಾಗೆ ಎಷ್ಟೋ ಗೆಳೆತನಗಳೂ ಆಗಿವೆ.

ಕೈ ಬದಲಿಸುವ ಪುಸ್ತಕದ ಇನ್ನೊಂದು ರೂಪ ಮನೆಯಲ್ಲೇ ಕಟ್ಟಿದ್ದು. ‘ಸುಧಾ’ 1965ರಲ್ಲಿ ಶುರುವಾಯಿತು, ‘ತರಂಗ’ ಎಂಬತ್ತರ ದಶಕದಲ್ಲಿ ಬಂತು. ಇಂಥ ವಾರಪತ್ರಿಕೆಗಳ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕಿತ್ತಿಟ್ಟು, ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಇಟ್ಟುಕೊಳ್ಳುವುದು ಮಧ್ಯಮವರ್ಗದ ಮನೆಗಳಲ್ಲಿ, ಹೆಚ್ಚಾಗಿ ಹೆಂಗಸರಲ್ಲಿ, ಇದ್ದ ಅಭ್ಯಾಸ. ಹಿಂಬದಿಯಲ್ಲಿ ಅರ್ಧ ಪಾಕವಿಧಾನ, ಸಾಬೂನಿನ ಜಾಹೀರಾತು, ಮಧ್ಯದಲ್ಲಿ ಯಾವುದೋ ನಗೆಹನಿಯ ಬಾಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಪುಸ್ತಕವನ್ನಾದರೂ ಎರವಲು ಕೊಡುತ್ತಿದ್ದರು, ಇದನ್ನು ಕೊಡುವ ಮುಂಚೆ ಎದುರಿಗಿದ್ದವರ ಯೋಗ್ಯತೆ ಅಳೆಯುತ್ತಿದ್ದರು. ಮಧ್ಯದ ಹಾಳೆ ಕಳೆದುಹೋದರೆ ಎಲ್ಲಿಂದ ತರುವುದು?

ಈ ದಾರಿಯಲ್ಲಿ ಓಡಿದ ಎಲ್ಲ ಪುಸ್ತಕಗಳಿಗಿಂತ ಜೋರಾಗಿ ಓಡಿದ್ದು ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ಲೆಕ್ಕಪರಿಶೋಧಕರಾಗಿದ್ದ ಯಂಡಮೂರಿ ಎಂಬತ್ತರ ದಶಕದ ಮೊದಲಲ್ಲಿ ಇದನ್ನು ತೆಲುಗಿನ ‘ಆಂಧ್ರಭೂಮಿ’ ವಾರಪತ್ರಿಕೆಗೆ ಬರೆದರು. ಕನ್ನಡಕ್ಕೂ ಬೇಗನೆ ಬಂತು, 1985ರಲ್ಲಿ ಅದೇ ಹೆಸರಿನ ಕನ್ನಡ ಸಿನಿಮಾ ಕೂಡ ಆಯಿತು. ಅದರ ಮುಂದುವರಿಕೆ ‘ತುಳಸಿ’. ಮುದ್ದಾದ ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟದ ಪ್ರಯೋಗ ನಡೆಯುತ್ತದೆ, ಮಗು ದಿನದಿಂದ ದಿನಕ್ಕೆ ನವೆಯುತ್ತದೆ. ಅಪ್ಪ ಅಮ್ಮ ಆಸ್ಪತ್ರೆಗೂ ಓಡುತ್ತಾರೆ, ಮಂತ್ರವಾದಿಯ ಬಳಿಗೂ ಓಡುತ್ತಾರೆ. ಇಷ್ಟು ಹೇಳಿದರೆ ಸಾಕು, ಇದಕ್ಕಿಂತ ಹೆಚ್ಚು ಹೇಳಿದರೆ ಓದಿದವರು ನನ್ನನ್ನು ಬಿಡುವುದಿಲ್ಲ. ಅಮೆರಿಕದಲ್ಲಿ ವಿಲಿಯಂ ಪೀಟರ್ ಬ್ಲಾಟಿಯ ‘ದಿ ಎಕ್ಸಾರ್ಸಿಸ್ಟ್’ 1971ರಲ್ಲಿ ಬಂದು, 1973ರಲ್ಲಿ ಸಿನಿಮಾ ಆಗಿ ಲೋಕವನ್ನೆಲ್ಲ ಬೆಚ್ಚಿಬೀಳಿಸಿತ್ತು. ಮಗುವಿನ ಮೈಮೇಲೆ ಬಂದ ಕೇಡು ಎನ್ನುವ ಎಳೆ ಎರಡಕ್ಕೂ ಒಂದೇ. ಆದರೆ ಹೆದರಿಕೆಯ ಬಗೆ ಬೇರೆ. ಲ್ಯಾಟಿನ್ ಮಂತ್ರ ಹೇಳುವ ಪಾದ್ರಿ ನಮ್ಮ ಹಿತ್ತಲಿಗೆ ಬರುವವನಲ್ಲ. ನಿಂಬೆಹಣ್ಣು, ಕುಂಕುಮ, ಗೊಂಬೆ ಹಿಡಿದ ಮಂತ್ರವಾದಿ ಊರಾಚೆಯ ತೋಪಿನಲ್ಲಿ ಇರಬಹುದಾದವನು. ಬೆಳಿಗ್ಗೆ ಮೂರು ದಾರಿ ಕೂಡುವಲ್ಲಿ ಒಡೆದ ಕುಂಬಳಕಾಯಿ ನೋಡಿ ಪಕ್ಕಕ್ಕೆ ಹೆಜ್ಜೆ ಹಾಕುವ ಊರುಗಳಲ್ಲಿ ಈ ಕಾದಂಬರಿಗೆ ಬೇರೆ ಪೀಠಿಕೆ ಬೇಕಿರಲಿಲ್ಲ.

ಮೂಢನಂಬಿಕೆಗೆ ಗೊಬ್ಬರ ಹಾಕುವ ಪುಸ್ತಕ ಎಂದು ವಿಚಾರವಾದಿಗಳು ಇದನ್ನು ಬೈದರು. ಬೈಗುಳದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಲೇಖಕ ಜಾಣ. ವೈದ್ಯನ ವಾದ, ಮಂತ್ರವಾದಿಯ ವಾದ ಎರಡನ್ನೂ ಕೊನೆಯವರೆಗೆ ಸಮ ತೂಗಿಸಿಕೊಂಡು ಹೋಗಿ, ಯಾವುದು ಗೆದ್ದಿತು ಎನ್ನುವುದನ್ನು ಓದುಗನ ಪಾಲಿಗೆ ಬಿಟ್ಟ. ಪುಸ್ತಕ ಕೈಯಿಂದ ಕೈಗೆ ಹೋಗಲು ಇದೇ ಕಾರಣವಾಯಿತು ಎಂದು ನನಗನ್ನಿಸುತ್ತದೆ. ಓದಿ ಮುಗಿಸಿದವನಿಗೆ ವಾದ ಮಾಡಲು ಇನ್ನೊಬ್ಬ ಬೇಕೇ ಬೇಕು. ಇನ್ನೊಬ್ಬ ಸಿಗಬೇಕಾದರೆ ಅವನಿಗೂ ಓದಿಸಬೇಕು. ವಂಶಿ, ರಾಜಾ ಚೆಂಡೂರ್ ಮೊದಲಾದ ಅನುವಾದಕರು ಯಂಡಮೂರಿಯ ಒಂದೊಂದೇ ಕಾದಂಬರಿಯನ್ನು ಕನ್ನಡಕ್ಕೆ ತರುತ್ತ ಹೋದ ಹಾಗೆ, ಯಂಡಮೂರಿ ಕನ್ನಡದ ಲೇಖಕರೇ ಎಂದು ನಂಬಿದವರೂ ಹುಟ್ಟಿಕೊಂಡರು. ಗಡಿ ಊರುಗಳಲ್ಲಿ ಆ ಭ್ರಮೆಗೆ ಜಾಗವಿರಲಿಲ್ಲ. ಇಲ್ಲಿನ ಅಪಾಯವೇ ಬೇರೆ: ತೆಲುಗಿನಲ್ಲಿ ಆಗಲೇ ಓದಿಕೊಂಡ ಮಡಕಶಿರಾ ಕಡೆಯ ಭಾವಮೈದುನ ಹಬ್ಬಕ್ಕೆ ಬಂದು ಊಟದ ಎಲೆ ಮುಂದೆ ಕತೆಯನ್ನೆಲ್ಲ ಬಿಟ್ಟುಕೊಟ್ಟುಬಿಡಬಹುದು.

ಹೇಳಬಾರದ್ದನ್ನು ಹೇಳದಿರುವುದು ಈ ವ್ಯವಹಾರದ ಮೊದಲ ನೇಮ. ಒಳ್ಳೆಯ ಓದುಗ ಕತೆ ಹೇಳುವುದಿಲ್ಲ, ಕತೆ ತನಗೆ ಏನು ಮಾಡಿತು ಎನ್ನುವುದನ್ನಷ್ಟೇ ಹೇಳುತ್ತಾನೆ. “ನೀರು ಕುಡಿಯಾಕೆ ಅಡುಗೆಮನೆಗೆ ಹೋಗ್ಲಿಲ್ಲ ಅವತ್ತು” ಎಂದರೆ ಮುಗಿಯಿತು. ಎರಡನೇ ನೇಮ, ಆಳು ನೋಡಿ ಪುಸ್ತಕ. ಮನೆಯಲ್ಲಿ ಸಣ್ಣ ಮಗುವಿರುವ ತಾಯಿಗೆ ‘ತುಳಸಿದಳ’ ಕೊಡಬಾರದು, ಹೊಲದ ಮನೆಯಲ್ಲಿ ಒಬ್ಬನೇ ಕಾವಲಿಗೆ ಮಲಗುವವನಿಗೆ ಸ್ಮಶಾನದ ಕತೆ ಕೊಡಬಾರದು. ಅವನೇ ಬೇಡಿ ಕೇಳಿದರೆ ಮಾತು ಬೇರೆ. ಮೂರನೆಯದು ಹೆಚ್ಚು ಜಗಳ ತರುವ ವಿಷಯ: ಯಾವುದನ್ನು ಮೊದಲು ಓದಬೇಕು?

ಚಿತ್ರದುರ್ಗದವರಿಗೆ ಈ ಜಗಳ ಹೊಸದಲ್ಲ. ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಕುರಿತು ಜಿಲ್ಲೆಯ ಓದುಗರು ಇವತ್ತಿಗೂ ಇದನ್ನೇ ವಾದಿಸುತ್ತಾರೆ. ತ.ರಾ.ಸು. ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು, ಹುಟ್ಟಿದ್ದು 1920ರಲ್ಲಿ ಮಲೆಬೆನ್ನೂರಿನಲ್ಲಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದು ಕಂತೆ. ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಆಮೇಲಿನವು. ಕೊನೆಗೆ ‘ದುರ್ಗಾಸ್ತಮಾನ’. ಅದರಲ್ಲಿ 1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರುತ್ತದೆ. 1984ರಲ್ಲಿ ತ.ರಾ.ಸು. ತೀರಿಕೊಂಡರು, ಮರುವರ್ಷ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿಯ ಹೆಸರು ಕೇಳಿ ‘ದುರ್ಗಾಸ್ತಮಾನ’ದಿಂದಲೇ ಶುರು ಮಾಡುವವರು ಬಹಳ ಮಂದಿ. ನನ್ನ ಮಾತು ಕೇಳುವುದಾದರೆ ‘ಕಂಬನಿಯ ಕುಯಿಲಿ’ನಿಂದ ಶುರು ಮಾಡಿ. ಸತ್ತ ದೊರೆ, ಸತಿ ಹೋಗುವ ರಾಣಿಯರು, ಅರಮನೆಯ ಕತ್ತಲಲ್ಲಿ ಹೆಣೆಯುವ ಸಂಚು, ಅದರ ಮೇಲೆ ಇನ್ನೊಂದು ಸಂಚು. ಇದನ್ನು ಐತಿಹಾಸಿಕ ಕಾದಂಬರಿ ಎಂದು ಕಪಾಟಿನಲ್ಲಿ ಇಡುತ್ತೇವೆ, ಸರಿ. ಆದರೆ ‘ರಕ್ತರಾತ್ರಿ’ಯನ್ನು ಹದಿನಾಲ್ಕರ ವಯಸ್ಸಿನಲ್ಲಿ ಓದಿದವರನ್ನು ಕೇಳಿ ನೋಡಿ, ಇತಿಹಾಸದ ತಾರೀಖು ಒಂದೂ ನೆನಪಿರುವುದಿಲ್ಲ, ಕತ್ತಲ ಮೊಗಸಾಲೆ ಮಾತ್ರ ನೆನಪಿರುತ್ತದೆ.

ಇಲ್ಲೇ ನನ್ನ ತಕರಾರು. ಕನ್ನಡದಲ್ಲಿ ಭಯದ ಸರಣಿ, ಮಾಯೆಯ ಸರಣಿ ಇಲ್ಲ ಎಂದು ಇಂಗ್ಲಿಷ್ ಓದುವ ಹುಡುಗರು ಗೊಣಗುತ್ತಾರೆ. ಇಲ್ಲದೆ ಏನು? ಅವುಗಳಿಗೆ ಬೇರೆ ಬೇರೆ ಫಲಕ ಹಾಕಿ ಬೇರೆ ಬೇರೆ ಕಡೆ ಇಟ್ಟಿದ್ದೇವೆ. ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ಗಳನ್ನು ಪೌರಾಣಿಕ ಕಾದಂಬರಿ ಎಂದು ಕರೆದು, ಹಿರಿಯರಿಗೆ ಮೀಸಲಿಟ್ಟು ಬಿಟ್ಟೆವು. ತಪಸ್ಸಿನ ಬಲದಿಂದ ಇನ್ನೊಂದು ಸ್ವರ್ಗವನ್ನೇ ಕಟ್ಟಲು ಹೊರಟ ರಾಜ, ಇಂದ್ರನ ಪಟ್ಟಕ್ಕೇರಿ ಅಲ್ಲಿಂದ ಹಾವಾಗಿ ಬೀಳುವ ದೊರೆ. ಇವನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಮೂರು ಸಂಪುಟಕ್ಕೂ ಹೊಳೆಯುವ ಹೊದಿಕೆ ಹಾಕಿ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಮಾರುತ್ತಿದ್ದರು. ‘ಮಹಾಕ್ಷತ್ರಿಯ’ಕ್ಕೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿಯೇ ಅದನ್ನು ಗಂಭೀರ ಸಾಹಿತ್ಯದ ಸಾಲಿಗೆ ಏರಿಸಿ, ಕುತೂಹಲಕ್ಕೆ ಓದುವ ಹುಡುಗರ ಕೈಗೆ ಎಟುಕದ ಹಾಗೆ ಮಾಡಿತೇನೋ.

ತೇಜಸ್ವಿಯವರದೂ ಅದೇ ಕತೆ. ಬೇಟೆಗಾರ ಕೆನೆತ್ ಆಂಡರ್ಸನ್ನರ ಅನುಭವಗಳನ್ನು ಅವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ಇಳಿಸಿದ ನಾಲ್ಕು ಭಾಗಗಳಲ್ಲಿ ಒಂದರ ಹೆಸರು ‘ಪೆದ್ದಚೆರುವಿನ ರಾಕ್ಷಸ’. ನರಭಕ್ಷಕ ಹುಲಿಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿ ಕೂತವನ ಆ ರಾತ್ರಿಗಳಲ್ಲಿ ದೆವ್ವ ಇಲ್ಲ, ಆದರೂ ದೆವ್ವದ ಕಾದಂಬರಿಗಿಂತ ಹೆಚ್ಚು ಬೆವರು ಬರುತ್ತದೆ. ಯಾರಿಗಾದರೂ ಓದಿನ ರುಚಿ ಹತ್ತಿಸಬೇಕೆಂದಿದ್ದರೆ ನಾನು ಈ ನಾಲ್ಕರಲ್ಲಿ ಒಂದನ್ನು ಕೊಡುತ್ತೇನೆ, ಇವಕ್ಕೆ ಹಿಂದುಮುಂದಿನ ಗೊಡವೆಯೂ ಇಲ್ಲ.

ಇನ್ನು ಪುಸ್ತಕಕ್ಕಿಂತ ಹಿಂದಿನ ಸರಣಿಗಳು ಈ ಸೀಮೆಯಲ್ಲೇ ಇವೆ. ಹಿರಿಯೂರು, ಚಳ್ಳಕೆರೆ, ಸಿರಾ ಸುತ್ತಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕತೆ ಹಾಡುತ್ತಾರೆ. ಆಳುದ್ದದ ಬಿದಿರಿನ ಗಣೆ ಊದುತ್ತ ಹೇಳುವ ಈ ಕಾವ್ಯ ಒಂದು ರಾತ್ರಿಗೆ ಮುಗಿಯುವುದಿಲ್ಲ. ವಿಷವಿಕ್ಕುವ ಸೋದರಮಾವಂದಿರು, ದನಗಳೊಡನೆ ಅಡವಿ ತಿರುಗುವ ವೀರ, ಪವಾಡದ ಮೇಲೆ ಪವಾಡ. ಎಲ್ಲಿಗೆ ನಿಲ್ಲಿಸಿದರೆ ಕೇಳುವವರು ನಾಳೆಯೂ ಬರುತ್ತಾರೆ ಎನ್ನುವುದು ಹಾಡುವವನಿಗೆ ಚೆನ್ನಾಗಿ ಗೊತ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಗಟ್ಟಲೆ ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಬರೆದುಕೊಂಡ ಕಾರಣ ಅವು ಪುಸ್ತಕವಾಗಿ ನಮಗೆ ದಕ್ಕಿದವು. ತೊಂಬತ್ತರ ದಶಕದಲ್ಲಿ ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದ ಸುದ್ದಿ ಕರ್ನಾಟಕದ ಊರೂರಿಗೆ ಹಬ್ಬಿತಲ್ಲ, ಅದಕ್ಕೆ ಯಾವ ಪ್ರಕಾಶಕ ಇದ್ದ? ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣುದೆವ್ವದ ಆ ಕತೆಯನ್ನು ನಂಬದವರೂ ಸೀಮೆಸುಣ್ಣ ಹುಡುಕಿದ್ದುಂಟು.

ಬಾಯಿಂದ ಬಾಯಿಗೆ ಹರಡುವ ಈ ಬಲವನ್ನು ನೂರು ವರ್ಷದ ಹಿಂದೆಯೇ ನಂಬಿದವರಿದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಉತ್ತರದಲ್ಲಿ ದೇವಕೀನಂದನ ಖತ್ರಿಯ ‘ಚಂದ್ರಕಾಂತಾ’ 1888ರಲ್ಲಿ ಬಂದಾಗ, ಅದನ್ನು ಓದುವುದಕ್ಕೆಂದೇ ಜನ ಹಿಂದಿ ಕಲಿತರು ಎನ್ನುತ್ತಾರೆ. ತಿಲಿಸ್ಮಿನ ಮಾಯಾಕೋಟೆಗಳು, ವೇಷ ಬದಲಿಸುವ ಐಯಾರರು, ಅದರ ಹಿಂದೆಯೇ ಬಂದ ಅದರ ‘ಸಂತತಿ’ಯ ಸಂಪುಟಗಳು. ನಮ್ಮವರಿಗೆ ಅದು ಸಿಕ್ಕಿದ್ದು ಹೆಚ್ಚಾಗಿ ತೊಂಬತ್ತರ ದಶಕದ ದೂರದರ್ಶನದಲ್ಲಿ. ಭಾನುವಾರ ಬೆಳಿಗ್ಗೆ “ಯಕ್ಕೂ” ಎಂದು ಕೂಗುವ ಕ್ರೂರಸಿಂಹನನ್ನು ಹಿಂದಿ ಬಾರದವರೂ ನೋಡಿದರು.

ಪುಸ್ತಕದ ಮಾತಿಗೆ ಬಂದರೆ, ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯನ್ನು ಹೆಸರಿನಲ್ಲೇ ಹೊತ್ತಿದ್ದ ರವಿ ಬೆಳಗೆರೆಯವರ ‘ಮಾಟಗಾತಿ’, ‘ಸರ್ಪ 
ಸಂಬಂಧ’ಗಳು ಯಂಡಮೂರಿಯ ನಂತರದ ಪೀಳಿಗೆಯ ದಿಂಬಿನಡಿಯ ಪುಸ್ತಕಗಳಾದವು. ಕೆ.ಎನ್. ಗಣೇಶಯ್ಯನವರು ‘ಕನಕ ಮುಸುಕು’, ‘ಕರಿಸಿರಿಯಾನ’ಗಳಲ್ಲಿ ಶಾಸನ, ಶಿಲ್ಪ, ನಿಧಿಯ ಜಾಡನ್ನು ರೋಚಕ ಕತೆಗೆ ಹೆಣೆದರು. ಹೇಮಾವತಿಯ ಕಂಬಗಳನ್ನು ನೋಡಿ ಬೆಳೆದ ಊರಿನವರಿಗೆ ಅವು ಬೇಗ ಹಿಡಿಸುತ್ತವೆ. ಅನುಷ್ ಎ. ಶೆಟ್ಟಿಯವರ ‘ಹುಲಿ ಪತ್ರಿಕೆ’ ಒಂದು ಮತ್ತು ಎರಡು ಎಂದು ನೇರವಾಗಿ ಸಂಖ್ಯೆ ಹಾಕಿಕೊಂಡೇ ಬಂತು. ದೊಡ್ಡ ವಿಮರ್ಶಕರು ಮಾತಾಡುವ ಮುಂಚೆಯೇ ಹಾಸ್ಟೆಲ್ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಂಡು ಅದನ್ನು ಓಡಿಸಿದರು. ಈಗ ಮೊಬೈಲಿನಲ್ಲಿ ‘ಪ್ರತಿಲಿಪಿ’ಯಂಥ ಕಡೆ ಕಂತಿನ ಮೇಲೆ ಕಂತು ಹಾರರ್ ಕತೆಗಳು ಸುರಿಯುತ್ತವೆ. ಅವುಗಳಲ್ಲಿ ಜೊಳ್ಳು ಬಹಳ, ಮುಚ್ಚಿಡುವುದೇಕೆ. ಆದರೆ ಕಂತು ಎಲ್ಲಿ ಕತ್ತರಿಸಬೇಕು ಎನ್ನುವ ಹಳೆಯ ವಿದ್ಯೆ ಅಲ್ಲಿ ಬರೆಯುವ ಗೃಹಿಣಿಯರಿಗೂ ಸಿದ್ಧಿಸಿದೆ.

ಪಿಡಿಎಫ್ ಕಳಿಸುವವರ ಬಗ್ಗೆ ಒಂದು ಮಾತು. ಗೆಳೆಯನಿಗೆ ಪುಸ್ತಕ ಎರವಲು ಕೊಡುವುದೂ ಇದೂ ಒಂದೇ ಎಂದು ವಾದಿಸುತ್ತಾರೆ. ಒಂದಲ್ಲ. ಎರವಲು ಕೊಟ್ಟಾಗ ಪುಸ್ತಕ ನಿನ್ನ ಕೈ ಬಿಟ್ಟು ಹೋಗುತ್ತದೆ. ಅದು ವಾಪಸ್ ಬರುವವರೆಗೆ ನೀನೂ ಕಾಯುತ್ತೀಯ, ಅವನನ್ನು ಕೇಳುತ್ತೀಯ, ಓದಿಸುತ್ತೀಯ. ಇನ್ನೂರು ಜನರ ಗುಂಪಿಗೆ ಬಿಸಾಡಿದ ಕಡತವನ್ನು ಇನ್ನೂರರಲ್ಲಿ ಒಬ್ಬನೂ ತೆರೆಯುವುದಿಲ್ಲ, ಸಾವಿರ ಪ್ರತಿ ಅಚ್ಚು ಹಾಕಿ ಕೂತ ಪ್ರಕಾಶಕ ಮಾತ್ರ ಎರಡನೇ ಭಾಗ ಹಾಕುವ ಆಸೆ ಬಿಡುತ್ತಾನೆ.

ಹಳ್ಳಿಯ ಓದುಗನಿಗೆ ಉಳಿದಿರುವ ಜಾಗ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರವನ್ನೂ ಕಟ್ಟುತ್ತಲೇ ಇದ್ದೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದಾರೆ. 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರು ಮಾಡಿದರು. ಗೋಡೆಗೆ ಬಣ್ಣ, ಕಂಪ್ಯೂಟರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಎಲ್ಲ ಬಂದಿದೆ, ಬರಲಿ. ಕಾದಂಬರಿಗಳು ಒಂದೇ ಕಪಾಟಿನಲ್ಲಿ ಕಲಸಿಕೊಂಡು ಕೂತಿರುತ್ತವೆ. ಸರಣಿಯ ಎರಡನೇ ಭಾಗ ಇರುತ್ತದೆ, ಮೊದಲನೆಯದು ಇರುವುದಿಲ್ಲ. ಮೂರನೆಯದು ಪಕ್ಕದ ಊರಿನ ಗ್ರಂಥಾಲಯದಲ್ಲಿರುತ್ತದೆ. ಭಾಗ ನೋಡಿ ಪುಸ್ತಕ ತರಿಸುವವರು ಯಾರೂ ಇಲ್ಲ. ಹೀಗಿರುವಾಗ ಯಾವ ಪುಸ್ತಕದ ಮುಂದೆ ಯಾವುದು, ಯಾವುದನ್ನು ಯಾರಿಗೆ ಕೊಡಬೇಕು ಎಂಬ ಲೆಕ್ಕವೆಲ್ಲ ಊರಿನ ನಾಲ್ಕಾರು ಓದುಗರ ತಲೆಯಲ್ಲಿ ಮಾತ್ರ ಇದೆ. ಅವರು ಊರು ಬಿಟ್ಟರೆ ಆ ಲೆಕ್ಕವೂ ಊರು ಬಿಡುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ‘ತುಳಸಿದಳ’ವೋ, ‘ರಕ್ತರಾತ್ರಿ’ಯೋ, ನರಸಿಂಹಯ್ಯನವರ ಅರಿಂಜಯನೋ ಇದ್ದರೆ ಕೆಳಗಿಳಿಸಿ. ಒಳರಟ್ಟಿನಲ್ಲಿ ಇದಕ್ಕಿಂತ ಮೊದಲು ಯಾವುದು, ಇದಾದ ಮೇಲೆ ಯಾವುದು ಎಂದು ಎರಡು ಸಾಲು ಬರೆದು ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಕೊಡಿ. ಇಲ್ಲದ ಭಾಗ ಬೇಕೆಂದು ಗ್ರಂಥಪಾಲಕರಿಗೆ ಬರವಣಿಗೆಯಲ್ಲೇ ಕೇಳಿ, ಕರ ಕಟ್ಟಿದವರಿಗೆ ಕೇಳುವ ಹಕ್ಕಿದೆ. ಕೊಲೆಗಾರನ ಹೆಸರನ್ನು ಮಾತ್ರ ದಯವಿಟ್ಟು ಮೊದಲ ಪುಟದಲ್ಲಿ ಬರೆಯಬೇಡಿ.